ಕ್ಯಾನೆಯ ಗೊಂಬೆಗಳು

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗನಿಗೆ ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಹುಚ್ಚು. ಬಣ್ಣ ಹಚ್ಚಿದ ಸೈನಿಕರು, ಹೆಬ್ಬೆರಳಿನಷ್ಟೂ ಎತ್ತರವಿಲ್ಲ. ದಸರೆಗೆ ಗೊಂಬೆ ಕೂರಿಸುವ ನಮಗೆ ಇದೇನೂ ತೀರ ಹೊಸದಲ್ಲ. ಈಗ ಅವನೂ ಗೆಳೆಯರೂ ಕ್ರಿ.ಪೂ. 216ರಲ್ಲಿ ದಕ್ಷಿಣ ಇಟಲಿಯ ಕ್ಯಾನೆಯಲ್ಲಿ ನಡೆದ ಯುದ್ಧಕ್ಕೆ ಸಿದ್ಧತೆ ನಡೆಸಿದ್ದಾರೆ.

ಮೊದಲು ಲೆಕ್ಕ. ನೂರು ಜನಕ್ಕೆ ಒಂದು ಗೊಂಬೆ ಎಂದಿಟ್ಟುಕೊಳ್ಳಿ. ಪಾಲಿಬಿಯಸ್ ಕೊಡುವ ಸಂಖ್ಯೆಯಂತೆ ರೋಮಿನ 80,000 ಕಾಲಾಳುಗಳಿಗೆ 800, ಸುಮಾರು 6,000 ಸವಾರರಿಗೆ 60. ಕಾರ್ತೇಜಿನ ಹ್ಯಾನಿಬಲ್‌ನ ಕಡೆ ಕಾಲಾಳು 400, ಸವಾರರು 100. ಒಟ್ಟು 1,360. ದಿನಕ್ಕೆ ನಾಲ್ಕರಂತೆ ಬಣ್ಣ ಹಚ್ಚಿದರೂ 340 ದಿನ ಬೇಕು!

ಆಮೇಲೆ ನಿಯಮ. ಕಥೆ ಗೊತ್ತಿದ್ದವರು ಬೋನಿಗೆ ಬೀಳುವರೇ? ಅದಕ್ಕೇ ರೋಮಿನ ಪಡೆ ಒತ್ತೊತ್ತಾಗಿಯೇ ನಿಲ್ಲಬೇಕು. ಹ್ಯಾನಿಬಲ್‌ನ ನಡುಸಾಲು ಹಿಂದೆ ಸರಿದಂತೆ ರೋಮನರು ಒಳನುಗ್ಗುತ್ತಾರೆ. ಆಫ್ರಿಕದ ಕಾಲಾಳುಗಳು ಎರಡೂ ಪಕ್ಕದಿಂದ, ಸವಾರರು ಬೆನ್ನ ಹಿಂದಿನಿಂದ ಮುತ್ತುತ್ತಾರೆ.

ಸತ್ತ ಗೊಂಬೆಗಳನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಲಿವಿಯ ಪ್ರಕಾರ ರೋಮಿನ ಕಡೆ ಸತ್ತವರು ಸುಮಾರು 48,000. ಅಂದರೆ 480 ಗೊಂಬೆ. ಅಲ್ಲಿಗೆ ಆಟ ಮುಗಿಯಿತು. ಆದರೆ ರೋಮಿನ ಮನೆಗಳಲ್ಲಿ? ಸೂತಕವಿಲ್ಲದ ಗೃಹಿಣಿಯೇ ಇರಲಿಲ್ಲ, ಆದ್ದರಿಂದ ಧಾನ್ಯದೇವತೆ ಸೆರಿಸ್‌ಳ ವಾರ್ಷಿಕ ಪೂಜೆಯೇ ನಿಂತಿತು, ಎನ್ನುತ್ತಾನೆ ಲಿವಿ. ಇತರ ಪೂಜೆಗಳೂ ನಿಲ್ಲಬಾರದೆಂದು ಸೆನೆಟ್ ಹೆಂಗಸರ ಶೋಕಕ್ಕೆ 30 ದಿನಗಳ ಗಡಿ ಹಾಕಿತು.

ಮಗನನ್ನು ಕಳೆದುಕೊಂಡ ತಾಯಿ ಮೂವತ್ತೊಂದನೆಯ ದಿನ ಕಣ್ಣೊರೆಸಿಕೊಂಡು ಹೊರಗೆ ಬರಬೇಕು. ಅವಳಿಗೆ ಯಾವ ಮೇಜಿನ ಮೇಲೂ ಗೊಂಬೆಯಿಲ್ಲ. ರೋಮಿನ ಪಾಠ ಬಂದಾಗ ನಾನು ಮಕ್ಕಳಿಗೆ 216ರ ಪಕ್ಕದಲ್ಲೇ ಆ 30ನ್ನೂ ಬರೆಸುತ್ತೇನೆ.