ಟಿಬೆಟ್ ನಿರಾಶ್ರಿತರ ತಾತ್ಕಾಲಿಕ ಶಿಬಿರಗಳು

1959ರಿಂದ ಮೊದಲ್ಗೊಂಡು ಭಾರತದಲ್ಲಿ ಆಶ್ರಯವನ್ನರಸಿ ಬಂದ ಟಿಬೆಟ್ ಜನರಿಗೆ, ಅವರ ಸ್ಥಿರನಿವಾಸದ ವಿಚಾರವು ನಿಷ್ಕರ್ಷೆಯಾಗುವವರೆಗೆ, ಅಸ್ಸಾಮ್, ಪಶ್ಚಿಮ ಬಂಗಾಳ ಹಾಗೂ ಹಿಮಾಲಯದ ಸೀಮೆಗಳಲ್ಲಿ ಕಲ್ಪಿಸಲಾದ ವಸತಿಗಳು. ಇವುಗಳ ಇತಿಹಾಸವು ಮೈಸೂರು ರಾಜ್ಯದ ಬೈಲುಕುಪ್ಪೆ, ಮುಂಡಗೋಡುಗಳ ಪುನರ್ವಸತಿಯಲ್ಲಿ ಪರ್ಯವಸಾನವನ್ನು ಹೊಂದಿತು.

1959ರ ಮಾರ್ಚ್ 10ರಂದು ಲ್ಹಾಸಾ ನಗರದಲ್ಲಿ ಚೀನೀ ಆಡಳಿತಕ್ಕೆ ವಿರುದ್ಧವಾಗಿ ಜನರು ದಂಗೆಯೆದ್ದರು. ಅದೇ ತಿಂಗಳ 17ರ ರಾತ್ರಿ ಅರಮನೆಯನ್ನು ತ್ಯಜಿಸಿದ ಹದಿನಾಲ್ಕನೆಯ ದಲೈ ಲಾಮಾ, ಹಿಮಾವೃತವಾದ ಕಣಿವೆಗಳನ್ನು ದಾಟಿ, 31ರಂದು ಭಾರತದ ಗಡಿಯನ್ನು ಪ್ರವೇಶಿಸಿದರು. ಅವರನ್ನು ಅನುಸರಿಸಿ ಬಂದವರ ಸಂಖ್ಯೆಯನ್ನು ಸಾಮಾನ್ಯವಾಗಿ ಸುಮಾರು 80,000 ಎಂದು ಗಣಿಸುತ್ತಾರೆ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿರಲಿಲ್ಲವಾದರೂ, ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸರ್ಕಾರವು ಬಂದವರನ್ನು ಹಿಂದಿರುಗಿಸದೆ ಆಶ್ರಯವನ್ನಿತ್ತಿತು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಪರಿಹಾರ ಸಮಿತಿಯೊಂದು ಏರ್ಪಟ್ಟು ಅನ್ನವಸ್ತ್ರಗಳ ಸಹಾಯವನ್ನು ಸಂಘಟಿಸಿತು.

ಅಸ್ಸಾಮಿನ ತೇಜಪುರಕ್ಕೆ ಸಮೀಪದ ಮಿಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳನ್ನು ತ್ವರೆಯಿಂದ ಕಟ್ಟಿ ಮೊದಲನೆಯ ದೊಡ್ಡ ಶಿಬಿರವನ್ನು ತೆರೆಯಲಾಯಿತು. ಪ್ರಾಣಭಯದಿಂದ ಓಡಿಬಂದವರಿಗೆ ಅದು ಅಭಯಸ್ಥಾನವೇ ಆಗಿದ್ದಿತಾದರೂ, ಹತ್ತು ಹನ್ನೆರಡು ಸಾವಿರ ಅಡಿಗಳ ಎತ್ತರದ ಶೀತಲವೂ ಶುಷ್ಕವೂ ಆದ ನಾಡಿನಲ್ಲಿ ಹುಟ್ಟಿ ಬೆಳೆದ ಆ ಜನಕ್ಕೆ ಬಯಲುಸೀಮೆಯ ಬೇಗೆ, ಮಳೆಗಾಲದ ತೇವ, ರೂಢಿಯಿಲ್ಲದ ಆಹಾರ, ಕಿಕ್ಕಿರಿದ ವಾಸ ಇವೆಲ್ಲವೂ ಒಮ್ಮೆಗೇ ಒದಗಿದುದರಿಂದ, ರೋಗಗಳು ಹಬ್ಬಿ ಬಹುಮಂದಿ ಮರಣ ಹೊಂದಿದರು. ಪಶ್ಚಿಮ ಬಂಗಾಳದಲ್ಲಿ ಭೂತಾನದ ಗಡಿಯ ಬಳಿಯಿರುವ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ಹಿಂದೆ ಸ್ವಾತಂತ್ರ್ಯ ಹೋರಾಟಗಾರರನ್ನು ಸೆರೆಯಿಟ್ಟಿದ್ದ ಕಟ್ಟಡಗಳಲ್ಲಿಯೇ, ಸೇರಾ, ಡ್ರೆಪುಂಗ್, ಗಾಂದೆನ್ ಮೊದಲಾದ ವಿಹಾರಗಳ ಭಿಕ್ಷುಗಳಿಗೆ ವಸತಿ ದೊರೆಯಿತು. ಕ್ಷಯರೋಗವು ಅವರನ್ನು ತೀವ್ರವಾಗಿ ಪೀಡಿಸಿತು. ಆದರೂ ಶಾಸ್ತ್ರಾಧ್ಯಯನ, ತರ್ಕವಾದ, ಪೂಜೆಗಳನ್ನು ಅವರು ಕೈಬಿಡಲಿಲ್ಲ. ಟಿಬೆಟ್ಟಿನ ವಿದ್ಯಾಪರಂಪರೆಯು ದೇಶಭ್ರಷ್ಟವಾಗಿಯೂ ಅವಿಚ್ಛಿನ್ನವಾಗಿ ಉಳಿದುದಕ್ಕೆ ಬಕ್ಸಾದ ಆ ಹತ್ತು ವರ್ಷಗಳ ತಪಸ್ಸು ಮುಖ್ಯ ಕಾರಣವೆಂದು ಹೇಳಬೇಕು.

ಬಯಲಿನ ಶಿಬಿರಗಳಲ್ಲಿ ಜನ ಸಾಯುತ್ತಿರುವುದನ್ನು ಕಂಡು ದಲೈ ಲಾಮಾ ಅವರು ತಂಪಾದ ಪ್ರದೇಶಗಳಿಗೆ ಅವರನ್ನು ಕಳುಹಿಸಬೇಕೆಂದು ನೆಹರೂ ಅವರಲ್ಲಿ ಪ್ರಾರ್ಥಿಸಲು, ಸಾವಿರಾರು ಮಂದಿಯನ್ನು ಹಿಮಾಲಯದ ರಸ್ತೆ ನಿರ್ಮಾಣದ ಕೆಲಸಕ್ಕೆ ನಿಯೋಜಿಸಲಾಯಿತು. ಅಲ್ಲಿ ವಸತಿಯೆಂಬುದು ರಸ್ತೆ ಸಾಗಿದಂತೆಲ್ಲ ಮುಂದೆ ಸಾಗುವ ಡೇರೆಯಾಯಿತು. ಕೂಲಿಯ ಜೊತೆಗೆ ಭೂಕುಸಿತ, ಬಂಡೆ ಸಿಡಿಸುವಾಗಿನ ಅಪಘಾತಗಳು ಬೆನ್ನುಹತ್ತಿದವು. ರಸ್ತೆ ಶಿಬಿರಗಳಿಂದ ಅನಾರೋಗ್ಯದ ಸ್ಥಿತಿಯಲ್ಲಿ ಬಂದ 51 ಮಕ್ಕಳಿಗಾಗಿ 1960ರ ಮೇ ತಿಂಗಳಲ್ಲಿ ಧರ್ಮಶಾಲೆಯಲ್ಲಿ ಶಿಶುಗೃಹವೊಂದು ಆರಂಭವಾಯಿತು; ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅದರ ಹೊಣೆ ಹೊತ್ತರು. ಮುಂದೆ ಅದೇ ಟಿಬೆಟನ್ ಮಕ್ಕಳ ಗ್ರಾಮವೆಂಬ ಸಂಸ್ಥೆಯಾಗಿ ವಿಸ್ತಾರಗೊಂಡಿತು.

ಈ ಅಲೆದಾಟಕ್ಕೆ ಕೊನೆಗಾಣಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು ರಾಜ್ಯಗಳಲ್ಲಿ ಭೂಮಿಯನ್ನು ಯಾಚಿಸಿದಾಗ, ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. 1960ರ ಕೊನೆಯಲ್ಲಿ ಬಂದವರು ಕಂಡದ್ದು ದಟ್ಟವಾದ ಕಾಡು. ಆರಂಭದ ನೆಲೆ ಇಲ್ಲಿಯೂ ಡೇರೆ, ಬಿದಿರ ತಟ್ಟಿಗಳೇ. ಬೆಳೆಯನ್ನೂ ಗುಡಿಸಲನ್ನೂ ಕಾಡಾನೆಗಳು ಧ್ವಂಸ ಮಾಡುತ್ತಿದ್ದುವು. ಆದರೆ ಕಾಡು ಕಡಿದು ಹಸನು ಮಾಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆಯಿತು, ಮನೆಗಳೆದ್ದವು, ಸಹಕಾರ ಸಂಘವೂ ಶಾಲೆಯೂ ಬಂದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಎರಡನೆಯ ನೆಲೆ ಸ್ಥಾಪಿತವಾಯಿತು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೂಲೋದ್ದೇಶವೇ ಟಿಬೆಟನ್ನರ ಪುನರ್ವಸತಿಯಾಗಿದ್ದಿತು. ಬಕ್ಸಾದ ಭಿಕ್ಷುಗಳು 1969ರ ಸುಮಾರಿಗೆ ದಕ್ಷಿಣಕ್ಕೆ ಬಂದು, ಸೇರಾ ವಿಹಾರವನ್ನು ಬೈಲುಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳನ್ನು ಮುಂಡಗೋಡಿನಲ್ಲಿಯೂ ಮರಳಿ ಕಟ್ಟಿದರು. ಹುಣಸೂರು, ಕೊಳ್ಳೇಗಾಲದ ಸೀಮೆಗಳಲ್ಲಿಯೂ ತರುವಾಯ ನೆಲೆಗಳು ಏರ್ಪಟ್ಟವು.

ಹೀಗಿದ್ದರೂ ಈ ಭೂಮಿಯ ಒಡೆತನವು ವಾಸಿಸುವವರದಲ್ಲ; 2014ರ ಟಿಬೆಟನ್ ಪುನರ್ವಸತಿ ನೀತಿಯು 20 ವರ್ಷಗಳ ಗುತ್ತಿಗೆಯ ಕ್ರಮವನ್ನು ವಿಧಿಸಿತು. ಆದರೂ ಎರಡು ಬಗೆಯ ನೆಲೆಗಳ ಫಲ ಬೇರೆಯಾಯಿತು, ಜನ ಒಂದೇ, ವಿಪತ್ತು ಒಂದೇ ಆಗಿದ್ದರೂ. ಮಿಸಾಮಾರಿಯಲ್ಲಿ ಕುಗ್ಗಿಹೋದವರು ಬೈಲುಕುಪ್ಪೆಯಲ್ಲಿ ಚೇತರಿಸಿಕೊಂಡುದಕ್ಕೆ ಕಾರಣವು ಸೂರಿನ ಗಟ್ಟಿತನವಲ್ಲ, ಉಳುವ ನೆಲ, ಕಲಿಯುವ ಶಾಲೆ ಮತ್ತು ತಮ್ಮವರ ನಡುವೆ ಬಾಳುವ ಅವಕಾಶ. ಆದುದರಿಂದ ಆಶ್ರಯವನ್ನೀಯುವ ಸರ್ಕಾರವು ಶಿಬಿರವನ್ನು ತೆರೆದ ದಿನವೇ ಅದರಿಂದ ಹೊರಡುವ ದಾರಿಯನ್ನೂ ನಿರ್ಣಯಿಸತಕ್ಕದ್ದು. ಅಷ್ಟಾಗದ ಹೊರತು ಆಶ್ರಯದಾನವು ಪೂರ್ಣವಾಗದು.