ಪಂಪ್‌ಗೆ ಮುನ್ನ ರಕ್ತ: ಹಾವೇರಿ ಸೀಮೆಯ ರೋಗಿ ಮತ್ತು ಹೃದಯ-ಶ್ವಾಸಕೋಶ ಬೈಪಾಸ್‌ನ ಪುರಾವೆ

ರಾಣೆಬೆನ್ನೂರು, ಬ್ಯಾಡಗಿ ಕಡೆ ‘ಬೈಪಾಸ್’ ಎಂದರೆ ಒಂದೋ ಹೆದ್ದಾರಿ, ಇಲ್ಲವೇ ಹೃದಯದ ರಕ್ತನಾಳದ ಆಪರೇಷನ್. ಇಲ್ಲಿ ಚರ್ಚಿಸುವ ಬೈಪಾಸ್ ಮೂರನೆಯದು. ಹೃದಯವನ್ನು ನಿಲ್ಲಿಸಿದ ಹೊತ್ತಿನಲ್ಲಿ ಅದರ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರ ವಹಿಸಿಕೊಳ್ಳುವ ವ್ಯವಸ್ಥೆ ಇದು. ಆಪರೇಷನ್ ಥಿಯೇಟರಿನವರ ಮಾತಿನಲ್ಲಿ ಬರೀ ‘ಪಂಪ್’. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರ ಮುಚ್ಚಿದಾಗ ಇಂಥ ಯಂತ್ರ ಮೊದಲ ಸಲ ಪೂರ್ಣ ಯಶಸ್ಸು ಕಂಡಿತು. ಹಾವೇರಿ ಜಿಲ್ಲೆಯ ರೋಗಿಗಳು ಇದಕ್ಕಾಗಿ ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ.

ಪಂಪ್ ನಡೆಸುವ ಕ್ರಮ ಬಹುಕಾಲ ಗುರುವಿನಿಂದ ಶಿಷ್ಯನಿಗೆ ಬಂದ ರೂಢಿಯಾಗಿತ್ತು. ವಯಸ್ಕರ ಬೈಪಾಸ್ ಕುರಿತು 2006ರಲ್ಲಿ ಶಾನ್ ಮತ್ತು ಸಂಗಡಿಗರು ಪ್ರಕಟಿಸಿದ ಪುರಾವೆ-ಪರಿಶೀಲನೆ, ಅನಂತರ 2019ರ ಯುರೋಪಿನ ಮಾರ್ಗಸೂಚಿ, ಆ ರೂಢಿಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದವು. ರೋಗಿಯ ಮೈಗೆ ಮರಳುವ ರಕ್ತದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬ ಶಿಫಾರಸು ಮಿದುಳನ್ನು ಕಾಯುವುದಕ್ಕಾಗಿ. ಎಲ್ಲರಿಗೂ ಸ್ಟೆರಾಯ್ಡ್ ಕೊಡುವ ಅಭ್ಯಾಸ ಒರೆಯಲ್ಲಿ ನಿಲ್ಲಲಿಲ್ಲ: 7,507 ರೋಗಿಗಳ ಸರ್ಸ್ ಅಧ್ಯಯನದಲ್ಲಿ (2015) ಅದರಿಂದ ಸಾವು ತಗ್ಗಲಿಲ್ಲ. ರಕ್ತನಾಳದ ಆಪರೇಷನ್ನನ್ನು ಪಂಪ್ ಇಲ್ಲದೆಯೂ ಮಾಡಬಹುದು. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟವನ್ನು ತೆರೆದು ಬದಲಿಸುವಾಗ ಆ ಆಯ್ಕೆಯಿಲ್ಲ.

ನಮ್ಮ ಸೀಮೆಗೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಪಂಪ್‌ನ ಕೊಳವೆಗಳನ್ನು ಮೊದಲೇ ದ್ರಾವಣದಿಂದ ತುಂಬಿಸಿರುತ್ತಾರೆ, ಇದು ಪ್ರೈಮಿಂಗ್. ಪಂಪ್ ಶುರುವಾದೊಡನೆ ಆ ದ್ರಾವಣ ರೋಗಿಯ ರಕ್ತಕ್ಕೆ ಬೆರೆಯುತ್ತದೆ. ಒಂದು ಲೆಕ್ಕ ಹಾಕೋಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ: ತೂಕ 45 ಕೆ.ಜಿ., ಹಿಮೋಗ್ಲೋಬಿನ್ 10 ಗ್ರಾಂ. ಕೆ.ಜಿ.ಗೆ 65 ಮಿ.ಲೀ.ನಂತೆ ಅವಳ ಮೈಯಲ್ಲಿರುವ ರಕ್ತ ಸುಮಾರು 2.9 ಲೀಟರ್. ಅದಕ್ಕೆ 1.4 ಲೀಟರ್ ದ್ರಾವಣ ಸೇರಿದರೆ ಹಿಮೋಗ್ಲೋಬಿನ್ 6.8ಕ್ಕೆ ಇಳಿಯುತ್ತದೆ. 80 ಕೆ.ಜಿ. ತೂಕದ, 13 ಗ್ರಾಂ ಹಿಮೋಗ್ಲೋಬಿನ್ ಇರುವ ಗಂಡಸಿಗೆ ಅದೇ ದ್ರಾವಣ ಬೆರೆತರೂ 10 ಗ್ರಾಂ ಉಳಿಯುತ್ತದೆ. ಯಂತ್ರ ಒಂದೇ, ದ್ರಾವಣ ಒಂದೇ. ಪೆಟ್ಟು ಮಾತ್ರ ಒಂದೇ ಅಲ್ಲ.

ಇಲ್ಲಿ ಪಂಪ್ ನಡೆಸುವ ತಂತ್ರಜ್ಞ, ಅಂದರೆ ಪರ್ಫ್ಯೂಷನಿಸ್ಟ್‌ನ ಕೈಚಳಕ ಬೇಕು. ಪಂಪ್ ಆರಂಭಿಸುವ ಮೊದಲು ರೋಗಿಯ ರಕ್ತವನ್ನೇ ಕೊಳವೆಯೊಳಕ್ಕೆ ಹಿಮ್ಮುಖವಾಗಿ ಬಿಡುತ್ತಾರೆ. ತಿಳಿನೀರಿನಂಥ ದ್ರಾವಣವನ್ನು ಕೆಂಪು ಅಂಚೊಂದು ತಳ್ಳುತ್ತ ಬರುತ್ತದೆ, ದ್ರಾವಣ ಪಕ್ಕದ ಚೀಲ ಸೇರುತ್ತದೆ. ಹೀಗೆ 400 ಮಿ.ಲೀ. ತೆಗೆದರೆ ಅವಳ ಹಿಮೋಗ್ಲೋಬಿನ್ 7.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಟ್ರಿಕ್ಸ್-3 ಅಧ್ಯಯನ (2017) ರಕ್ತ ಕೊಡಲು ಇಟ್ಟುಕೊಂಡ ಕೆಳಗಿನ ಗಡಿಯೂ 7.5; ಅದು 9.5ರ ಗಡಿಗಿಂತ ಕೆಟ್ಟ ಫಲ ಕೊಡಲಿಲ್ಲ. ಆದರೆ ಆ ಅಂಕಿಯೊಂದನ್ನೇ ನೆಚ್ಚಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಅಂಗಾಂಗಗಳಿಗೆ ಬೇಕಾದದ್ದು ಆಮ್ಲಜನಕ. ಅದು ಹಿಮೋಗ್ಲೋಬಿನ್ ಮತ್ತು ಪಂಪ್‌ನ ಹರಿವು ಎರಡನ್ನೂ ಅವಲಂಬಿಸಿದೆ. ದೇಹದ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 280 ಮಿ.ಲೀ. ಆಮ್ಲಜನಕದ ಗುರಿ ಇಟ್ಟ ಗಿಫ್ಟ್ ಅಧ್ಯಯನದಲ್ಲಿ (2018) ಮೂತ್ರಪಿಂಡದ ಸೌಮ್ಯ ಹಾನಿ ಕಡಿಮೆಯಾಯಿತು, ತೀವ್ರ ಹಾನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಲೆಕ್ಕದ ಹೆಣ್ಣುಮಗಳಿಗೆ ಆ ಗುರಿ ಮುಟ್ಟಲು ಚದರ ಮೀಟರಿಗೆ ನಿಮಿಷಕ್ಕೆ ವಾಡಿಕೆಯ 2.4 ಲೀಟರ್ ಹರಿವು ಸಾಲದು, 2.6ರ ಮೇಲೆ ಬೇಕು.

ಪಂಪ್ ಬಳಿ ಇಷ್ಟು ಸರ್ಕಸ್ ಮಾಡುವ ಬದಲು 10 ಗ್ರಾಮನ್ನು ಮೊದಲೇ 12ಕ್ಕೆ ಏರಿಸಬಾರದೇಕೆ? ‘ರಕ್ತ ಕಡಿಮೆ ಐತ್ರಿ’ ಎಂಬುದು ಈ ಭಾಗದಲ್ಲಿ ದಿನಬಳಕೆಯ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಜ್ಯೂರಿಕ್‌ನಲ್ಲಿ ನಡೆದ ಸ್ಪಾನ್ ತಂಡದ ಅಧ್ಯಯನ (2019) ಹೃದಯ ಆಪರೇಷನ್ನಿನ ಹಿಂದಿನ ದಿನ ಕಬ್ಬಿಣಾಂಶದ ಇಂಜೆಕ್ಷನ್, ಎರಿಥ್ರೊಪೊಯೆಟಿನ್, ಬಿ12, ಫೋಲಿಕ್ ಆಮ್ಲ ಕೊಟ್ಟರೂ ರಕ್ತ ಏರಿಸುವ ಅಗತ್ಯ ತಗ್ಗಿದ್ದನ್ನು ತೋರಿಸಿತು. ತುರ್ತು ಇಲ್ಲದ ಕವಾಟದ ಆಪರೇಷನ್ನಿಗೆ ಕಾಯುವವರಿಗೆ ಒಂದು ದಿನವಲ್ಲ, ಎಷ್ಟೋ ಸಲ ವಾರಗಳೇ ಸಿಗುತ್ತವೆ.

ಹಾಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವೈದ್ಯರಲ್ಲಿ ಒಂದು ಕೋರಿಕೆ. ಹೃದಯ ಆಪರೇಷನ್ನಿಗೆಂದು ಬರೆಯುವ ರೆಫರಲ್ ಚೀಟಿಯಲ್ಲಿ ಎಕೋ ವರದಿಯ ಜೊತೆಗೆ ರೋಗಿಯ ತೂಕ, ಎತ್ತರ, ಹಿಮೋಗ್ಲೋಬಿನ್, ಫೆರಿಟಿನ್ ಇವನ್ನೂ ಬರೆಯಿರಿ. ಕಬ್ಬಿಣಾಂಶ ಕಡಿಮೆಯಿದ್ದರೆ ಅದರ ಚಿಕಿತ್ಸೆಯನ್ನು ಅಂದೇ ನಿಮ್ಮಲ್ಲೇ ಶುರುಮಾಡಿ.