ಕೋಲಾರದ ಚಿನ್ನ, ಲಂಡನ್ನಿನ ಬಂಡವಾಳ

ಪರದೇಶದ ಬಂಡವಾಳ ಬರಬೇಕೋ ಬೇಡವೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಕಾವೇರುತ್ತದೆ. ಬಂದರೆ ನಾಡು ಉದ್ಧಾರವಾದೀತೆಂದು ಒಂದು ಪಕ್ಷ. ಬಂದರೆ ನಾಡು ಸೂರೆಯಾದೀತೆಂದು ಇನ್ನೊಂದು ಪಕ್ಷ. ಇಬ್ಬರೂ ತಮ್ಮ ವಾದಕ್ಕೆ ದೂರದ ದೇಶಗಳಿಂದ ನಿದರ್ಶನಗಳನ್ನು ತರುತ್ತಾರೆ. ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲನ್ನು ಹತ್ತಿದರೆ ಸಾಕು.

ಉರಿಗಾಂ, ಮಾರಿಕುಪ್ಪಂ ಸುತ್ತಿನ ನೆಲದಲ್ಲಿ ಚಿನ್ನವಿದೆಯೆಂಬುದು ಅಲ್ಲಿನ ಹಳ್ಳಿಗರಿಗೆ ಹೊಸ ಸಂಗತಿಯಾಗಿರಲಿಲ್ಲ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ನನ ಮುಂದೆ ಅವರು ಗಾಡಿಯಲ್ಲಿ ಮಣ್ಣು ತಂದು, ತೊಳೆದು, ಚಿನ್ನದ ಕಣಗಳನ್ನು ತೋರಿಸಿದ್ದರು. ಅವನು ಬರೆದಿಟ್ಟ ವರದಿ ಸುಮಾರು ಎಪ್ಪತ್ತು ವರ್ಷ ಸುಮ್ಮನೆ ಮಲಗಿತ್ತು. ಅದನ್ನು ಓದಿ ಎಚ್ಚೆತ್ತವನು ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ನಿವೃತ್ತ ಐರಿಷ್ ಸೈನಿಕ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲಾವೆಲ್. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದೇ. 1875ರಲ್ಲಿ ಅವನಿಗೆ ಗಣಿಯ ಹಕ್ಕು ದೊರೆಯಿತು.

ಈ ಇಸವಿಯನ್ನು ಶ್ರೋತೃಗಳು ನೆನಪಿಡಬೇಕು. ಮೈಸೂರು ಒಡೆಯರಿಗೆ ರಾಜ್ಯ ಹಿಂತಿರುಗಿದ್ದು 1881ರಲ್ಲಿ. ಅದಕ್ಕೆ ಮೊದಲು ಆಡಳಿತವೆಲ್ಲ ಆಂಗ್ಲ ಕಮಿಷನರರ ಕೈಯಲ್ಲಿತ್ತು. ಎಂದರೆ, ಮೈಸೂರಿನ ನೆಲದೊಳಗಿನ ಸಂಪತ್ತಿನ ಮೊದಲ ಕರಾರು ಆದಾಗ ಒಂದು ಕಡೆ ಕುಳಿತವನೂ ಆಂಗ್ಲ ಪ್ರಜೆ, ಎದುರು ಕಡೆ ಕುಳಿತವರೂ ಆಂಗ್ಲ ಅಧಿಕಾರಿಗಳೇ. ಮನೆಯ ಯಜಮಾನ ಮನೆಯಲ್ಲಿಲ್ಲದಾಗ ನಡೆದ ವ್ಯವಹಾರ ಅದು.

ಲಾವೆಲನ ಕೈಯಲ್ಲಿ ಹಣವಿರಲಿಲ್ಲ; ಹಕ್ಕು ಬೇರೆಯವರಿಗೆ ದಾಟಿತು. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅದೇ ಹೊತ್ತಿಗೆ ವಯನಾಡಿನ ಚಿನ್ನವನ್ನು ನಂಬಿ ಹತ್ತಾರು ಕಂಪನಿಗಳು ಎದ್ದು, ಅಷ್ಟೇ ಬೇಗ ಮಣ್ಣುಪಾಲಾದವು. ಕೋಲಾರದ ಕಂಪನಿಯೂ ಅದೇ ದಾರಿ ಹಿಡಿದಿತ್ತು. ಬಾಗಿಲು ಹಾಕಿ ಅಳಿದುಳಿದ ಹಣವನ್ನು ಹಂಚಿಕೊಳ್ಳೋಣವೆಂದು ಷೇರುದಾರರು ಹಟ ಹಿಡಿದಾಗ, ಗಣಿ ವಿಷಯದಲ್ಲಿ ಪಳಗಿದ್ದ ಜಾನ್ ಟೇಲರ್ ಸಂಸ್ಥೆ ಅವರನ್ನು ತಡೆದು, ಕಡೆಯ ಪ್ರಯತ್ನಕ್ಕೆಂದು ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರನನ್ನು ಕಳುಹಿಸಿತು. ಹಿಂದಿನವರು ಪ್ರಾಚೀನರ ಹಳೆಯ ಗುಂಡಿಗಳನ್ನು ಕಂಡು ಬರಿದಾದ ನೆಲವೆಂದು ಬಿಟ್ಟಿದ್ದರು. ಪ್ಲಮ್ಮರ್ ಆ ಗುಂಡಿಗಳ ತಳದಿಂದಲೇ ಇನ್ನಷ್ಟು ಕೆಳಗೆ ಇಳಿದ. ಸಿಕ್ಕಿದ್ದು ಚಾಂಪಿಯನ್ ಪದರು. ನಷ್ಟದ ಅಂಜಿಕೆಯ ನಡುವೆಯೂ ಹಣವನ್ನು ಪಣಕ್ಕೊಡ್ಡಿದ ಈ ಧೈರ್ಯವನ್ನು ಹೊರಗಿನ ಬಂಡವಾಳದ ಲೆಕ್ಕದಲ್ಲಿ ಜಮೆ ಮಾಡಲೇಬೇಕು. ಅಂದಿನ ಮೈಸೂರಿನಲ್ಲಿ ಅಂಥ ಹಣವೂ ಇರಲಿಲ್ಲ, ಅಂಥ ಗಣಿವಿದ್ಯೆಯೂ ಇರಲಿಲ್ಲ.

ಆದರೆ ಚಿನ್ನ ಸಿಕ್ಕ ಮೇಲೆ ಸಂಸ್ಥಾನಕ್ಕೆ ಬಂದದ್ದೇನು? ಮುಖ್ಯವಾಗಿ ಉತ್ಪತ್ತಿಯ ಮೇಲೆ ಶೇಕಡ 5ರ ರಾಜಧನ. ಲಾಭಾಂಶ ಲಂಡನ್ನಿಗೆ ಹೋಯಿತು. ಚಿನ್ನದ ಗಟ್ಟಿಯೂ ಮೊದಮೊದಲು ಅಲ್ಲಿಗೇ ಹಡಗೇರಿತು. ಯಂತ್ರಗಳು ಹೊರಗಿನಿಂದ ಬಂದವು. ಮೇಸ್ತ್ರಿಗಳು ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಬಂದರು. ಬಂಗಾರ ತೆಗೆಯುವ ಊರಿನ ಸುತ್ತ ಆ ಯಂತ್ರಗಳನ್ನು ಮಾಡುವ ಕಾರ್ಖಾನೆಗಳು ಏಳಲಿಲ್ಲ. ಕೆರೆ ಒಣಗಿದ ಕೋಲಾರದ ರೈತನ ಹೊಲಕ್ಕೂ ಈ ಐಶ್ವರ್ಯಕ್ಕೂ ನಡುವೆ ಒಂದು ಬೇಲಿಯಿತ್ತು.

ಈ ಬೇಲಿಯನ್ನು ದಾಟಿದ್ದು ಒಂದೇ ಒಂದು; ಅದು ವಿದ್ಯುತ್ತು. ಕತೆಯ ಈ ಭಾಗದಲ್ಲಿ ತುಸು ನಿಲ್ಲುವುದು ಯೋಗ್ಯ. ಗಣಿಗಳಿಗೆ ಶಕ್ತಿಯ ಹಸಿವು ಬಹಳ. ಸೌದೆ ಕಲ್ಲಿದ್ದಲುಗಳ ಖರ್ಚು ಮಿತಿಮೀರಿತ್ತು. ಇದನ್ನು ಗಮನಿಸಿದ ದಿವಾನ ಶೇಷಾದ್ರಿ ಅಯ್ಯರ್, ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ತೆಗೆದು 92 ಮೈಲಿ ದೂರದ ಗಣಿಗೆ ಮಾರುವ ಯೋಜನೆಯನ್ನು ಸರ್ಕಾರದಿಂದಲೇ ಕೈಗೊಂಡರು. ಕೆನಡಾ ಮೂಲದ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್ ಅದರ ಸೂತ್ರಧಾರ. ವಿದ್ಯುದ್ಯಂತ್ರಗಳು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು. 1902ರ ಜೂನ್ ಕೊನೆಯಲ್ಲಿ ಗಣಿಗೆ ವಿದ್ಯುತ್ ಹರಿಯಿತು. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಆ ತಂತಿ ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ, ಗಣಿಯ ತರುವಾಯ. ಮುಂದೆ ಬೇಸಗೆಯಲ್ಲಿ ಕಾವೇರಿ ಸೊರಗಿ ವಿದ್ಯುತ್ತಿಗೆ ಕೊರತೆಯಾದಾಗ, 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಲು ವಿಶ್ವೇಶ್ವರಯ್ಯನವರ ವಾದಕ್ಕೆ ಬಲ ತಂದ ಕಾರಣಗಳಲ್ಲಿ ಗಣಿಯ ಬೇಡಿಕೆಯೂ ಒಂದು. ಮಂಡ್ಯದ ಗದ್ದೆಗೆ ಹರಿಯುವ ನೀರಿಗೂ ಕೋಲಾರದ ಚಿನ್ನಕ್ಕೂ ಹೀಗೊಂದು ನಂಟು.

ಇದನ್ನು ಕಂಪನಿಯ ಉಪಕಾರವೆಂದು ಬಗೆಯುವವರಿದ್ದಾರೆ. ನನಗೆ ಹಾಗೆ ತೋರದು. ಕಂಪನಿ ಗಿರಾಕಿಯಾಗಿತ್ತು, ಅಷ್ಟೆ. ಗಿರಾಕಿಯ ಅವಸರವನ್ನು ನಾಡಿನ ಆಸ್ತಿಯನ್ನಾಗಿ ಮಾರ್ಪಡಿಸಿದ್ದು ಸಂಸ್ಥಾನದ ಆಡಳಿತ. ಜಲಪಾತವನ್ನೂ ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದರೆ ತಂತಿ ಕೋಲಾರದಲ್ಲಿಯೇ ಕೊನೆಗೊಳ್ಳುತ್ತಿತ್ತೇನೋ!

ದುಡಿದವರ ಲೆಕ್ಕ ಬೇರೆಯದು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಬಂದ ಬಡವರು, ಬಹುಪಾಲು ಅಸ್ಪೃಶ್ಯರೆನಿಸಿಕೊಂಡವರು, ತಟ್ಟಿಯ ಗುಡಿಸಲುಗಳಲ್ಲಿ ನೆಲಸಿದರು. ಊರಿನ ಜಮೀನುದಾರನ ಜೀತಕ್ಕಿಂತ ಗಣಿಯ ಕೂಲಿ ಅವರಿಗೆ ಮೇಲೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಳ ಹೆಚ್ಚಿದಂತೆ ಬಂಡೆಯ ಕಾವು ಏರಿತು. ಒತ್ತಡಕ್ಕೆ ಬಂಡೆಗಳು ಸಿಡಿದು ಜೀವ ತೆಗೆದವು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕುಳಿತಿತು. ಆ ಧೂಳಿನ ರೋಗಕ್ಕೆ ಪರಿಹಾರ ಕೊಡಬೇಕೆಂಬ ನಿಯಮ ಮೈಸೂರಿನಲ್ಲಿ ಬಂದದ್ದು 1940ರಲ್ಲಿ. ಗಣಿಗೆ ಆಗಲೇ ಅರವತ್ತು ವರ್ಷ. 1930ರಲ್ಲಿ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂದು ಕಂಪನಿ ವಿಧಿಸಿದಾಗ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸಿಟ್ಟು ಕೂಲಿಯ ಕುರಿತಾದುದಷ್ಟೇ ಅಲ್ಲ; ಕಳ್ಳರ ಗುರುತು ಹಿಡಿಯುವಂತೆ ತಮ್ಮ ಗುರುತು ಹಿಡಿಯುತ್ತಾರಲ್ಲ ಎಂಬ ಅವಮಾನ ಅದರಲ್ಲಿತ್ತು.

1956ರ ನವೆಂಬರಿನ ಕೊನೆಗೆ ಗಣಿಗಳು ರಾಜ್ಯ ಸರ್ಕಾರದ ವಶವಾದವು. ಕೋಲಾರ ಒಟ್ಟಾರೆ ಕೊಟ್ಟ ಸುಮಾರು 800 ಟನ್ ಚಿನ್ನದಲ್ಲಿ ಬಹುಪಾಲು ಆ ಹೊತ್ತಿಗೆ ಹೊರಬಿದ್ದಾಗಿತ್ತು. ರಾಷ್ಟ್ರೀಕರಣಕ್ಕೆ ದಕ್ಕಿದ್ದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲೊಂದು, ಬಡವಾಗುತ್ತಿದ್ದ ಅದಿರು ಮತ್ತು ಬಿಟ್ಟು ಕಳುಹಿಸಲಾಗದ ಸಾವಿರಾರು ಸಂಸಾರಗಳು. ತಿಂದವರೊಬ್ಬರು, ಎಲೆ ತೆಗೆದವರೊಬ್ಬರು ಎಂಬಂತಾಯಿತು. 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ನೀರೆತ್ತುವ ಪಂಪುಗಳೂ ನಿಂತ ಮೇಲೆ, ಮೂರು ಕಿಲೋಮೀಟರಿಗೂ ಮೀರಿದ ಆಳದ ಸುರಂಗಗಳು ತುಂಬತೊಡಗಿದವು. ಮೇಲೆ ಉಳಿದಿರುವುದು ಅರೆದ ಕಲ್ಲಿನ ಬೂದು ದಿಬ್ಬಗಳು. ಅಲ್ಲಿನ ಜನ ಅವನ್ನು ಸೈನೈಡ್ ಗುಡ್ಡವೆನ್ನುತ್ತಾರೆ. ಗಾಳಿ ಬೀಸಿದಾಗ ಆ ಹುಡಿ ಇಂದಿಗೂ ಮನೆಗಳ ಒಳಗೆ ಬರುತ್ತದೆ.